ಹೊಗೆ ಬಿಡುವವರು ಒಬ್ಬರು, ಹಣ ಇನ್ನೊಬ್ಬರಿಗೆ ಏಕೆ?

ಪ್ರಶ್ನೆ: ಅಮೆರಿಕದ ನಗರಗಳಲ್ಲಿ ಹೆದ್ದಾರಿ, ಬಂದರು, ಕಾರ್ಖಾನೆಗಳ ನಡುವೆ ಸಿಕ್ಕಿಕೊಂಡ ಬಡಾವಣೆಗಳ ಸಂಘಗಳಿಗೆ ಮಾಲಿನ್ಯ ತಗ್ಗಿಸಲೆಂದು ಸರ್ಕಾರ ಅನುದಾನ ಕೊಡುತ್ತದೆ ಎಂದು ಓದಿದೆ. ಹೊಗೆ ಬಿಡುವವರು ಲಾರಿಯವರು, ಕಾರ್ಖಾನೆಯವರು. ಸಂಘಕ್ಕೆ ಹಣ ಕೊಟ್ಟರೆ ಹೊಗೆ ಹೇಗೆ ಕಡಿಮೆಯಾಗುತ್ತದೆ?

ಉತ್ತರ: ಅನುಮಾನ ಸಹಜವೇ. ಸಂಘದ ಕೈಯಲ್ಲಿ ಹೊಗೆಕೊಳವೆಯೂ ಇಲ್ಲ, ಅದನ್ನು ಮುಚ್ಚಿಸುವ ಅಧಿಕಾರವೂ ಇಲ್ಲ. ಆದರೂ ಒಂದಿಷ್ಟು ಹಣ ಅಲ್ಲಿಗೇ ಹೋಗಬೇಕು ಎನ್ನುವ ಪಕ್ಷ ನನ್ನದು. ಏಕೆಂದು ಹೇಳಲು ಒಂದು ಬಡಾವಣೆಗೆ ಹೋಗಿ ಬರೋಣ.

ಕ್ಯಾಲಿಫೋರ್ನಿಯಾದ ವೆಸ್ಟ್ ಓಕ್ಲೆಂಡಿಗೆ ಒಂದು ಮಗ್ಗುಲಲ್ಲಿ ಬಂದರು, ಸುತ್ತಲೂ 880, 580, 980 ಎಂಬ ಮೂರು ಹೆದ್ದಾರಿಗಳು. ಇವುಗಳ ಪೈಕಿ 580ರ ಓಕ್ಲೆಂಡ್ ಭಾಗದಲ್ಲಿ 4.5 ಟನ್ ಮೀರಿದ ಲಾರಿಗಳಿಗೆ ದಶಕಗಳಿಂದ ಪ್ರವೇಶವಿಲ್ಲ. ಆ ರಸ್ತೆ ಮುಂದೆ ಹಾದುಹೋಗುವುದು ಗುಡ್ಡದ ಕಡೆಯ ಉಳ್ಳವರ ಬಡಾವಣೆಗಳ ಬಳಿ. ಹೀಗಾಗಿ ಭಾರಿ ಲಾರಿಗಳೆಲ್ಲ 880ನ್ನು ಹಿಡಿಯುತ್ತವೆ, ಅಂದರೆ ಬಡವರ ಕಿಟಕಿಯ ಪಕ್ಕದಲ್ಲೇ ಸಾಗುತ್ತವೆ. ಇಲ್ಲಿನ ನಿವಾಸಿಗಳು ಮೊದಲು ಮಾಡಿದ ಕೆಲಸಗಳಲ್ಲೊಂದು, ಬೀದಿಯಲ್ಲಿ ನಿಂತು ಲಾರಿ ಎಣಿಸಿದ್ದು. ಯಾವ ಬೀದಿಯಲ್ಲಿ ಎಷ್ಟು ಲಾರಿ ಹಾಯುತ್ತದೆ, ಎಲ್ಲಿ ಎಂಜಿನ್ ಆರಿಸದೆ ನಿಲ್ಲುತ್ತದೆ ಎಂಬ ಲೆಕ್ಕ ಅದು.

ಸರ್ಕಾರದ ಬಳಿ ಗಾಳಿ ಅಳೆಯುವ ಕೇಂದ್ರಗಳು ಇಲ್ಲವೆಂದಲ್ಲ. ಒಂದೊಂದು ನಗರಕ್ಕೆ ಬೆರಳೆಣಿಕೆಯಷ್ಟಿವೆ, ಅವು ತೋರಿಸುವುದು ಒಟ್ಟಾರೆ ಗಾಳಿಯ ಸ್ಥಿತಿಯನ್ನು. ಗೂಗಲ್‌ನ ಬೀದಿ ಚಿತ್ರ ತೆಗೆಯುವ ಕಾರುಗಳಿಗೆ ಮಾಪಕ ಅಳವಡಿಸಿ ಓಕ್ಲೆಂಡಿನಲ್ಲಿ ಓಡಿಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದೇ ಬ್ಲಾಕಿನ ಒಳಗೆ ಮಾಲಿನ್ಯದಲ್ಲಿ 5ರಿಂದ 8 ಪಟ್ಟು ವ್ಯತ್ಯಾಸವಿರಬಹುದು ಎಂದು ಅದು ತೋರಿಸಿತು. ಸರಾಸರಿಯಲ್ಲಿ ಚೆನ್ನಾಗಿರುವ ನಗರದಲ್ಲೂ ಒಂದು ಮೂಲೆಮನೆಯ ಮಗು ಬೇರೆಯೇ ಗಾಳಿ ಉಸಿರಾಡುತ್ತಿರಬಹುದು. ಸಂಘದ ಹಣ ಕೊಳ್ಳುವುದು ಈ ತಿಳಿವಳಿಕೆಯನ್ನು. ಡೀಸೆಲ್ ಲಾರಿಗಳು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್ ಓಡಿಸಿಕೊಂಡು ನಿಲ್ಲಬಾರದೆಂಬ ನಿಯಮ ಕ್ಯಾಲಿಫೋರ್ನಿಯಾದಲ್ಲಿದೆ. ಆದರೆ ಲಾರಿ ನಿಲ್ಲುವುದು ಎಲ್ಲಿ, ಯಾವ ಹೊತ್ತಿಗೆ ಎಂಬುದು ಅಲ್ಲಿ ಮಲಗಿ ಏಳುವವರಿಗೆ ಗೊತ್ತಿರುವಷ್ಟು ಕಚೇರಿಗೆ ಗೊತ್ತಿರುವುದಿಲ್ಲ.

ಹಣದ ಮೂಲ ಒಂದಲ್ಲ. ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ಸಂಘಗಳಿಗೆ ಸಣ್ಣ ಅನುದಾನ ಕೊಡಲು ಶುರುಮಾಡಿದ್ದು 1994ರಲ್ಲಿ. ದಂಡ ಇನ್ನೊಂದು ಮೂಲ: ನಿಯಮ ಮುರಿದ ಕಂಪನಿ ರಾಜಿಯ ಭಾಗವಾಗಿ ತೊಂದರೆಗೊಳಗಾದ ಪ್ರದೇಶಕ್ಕೆ ಉಪಯೋಗವಾಗುವ ಯೋಜನೆಯೊಂದರ ಖರ್ಚು ಹೊರಬಹುದು. ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ವಂಚಿಸಿದ ಪ್ರಕರಣದ 2016ರ ರಾಜಿಯಲ್ಲಿ 270 ಕೋಟಿ ಡಾಲರ್ ಮಾಲಿನ್ಯ ತಗ್ಗಿಸುವ ನಿಧಿಗೆ ಹೋಯಿತು. ರಾಜ್ಯಗಳು ಅದರಿಂದ ಹಳೆಯ ಬಸ್ಸು, ಲಾರಿಗಳನ್ನು ಬದಲಾಯಿಸಿದವು.

ನೀವು ಕೇಳಿದ್ದಕ್ಕೆ ನೇರ ಉತ್ತರ ಇಲ್ಲೇ ಇದೆ. ದೊಡ್ಡ ಮೊತ್ತ ಸಂಘಕ್ಕೆ ಹೋಗುವುದೇ ಇಲ್ಲ, ವಾಹನದ ಮಾಲೀಕರಿಗೆ ಹೋಗುತ್ತದೆ. ಹಳೆಯ ಡೀಸೆಲ್ ಲಾರಿ ಗುಜರಿಗೆ ಹೋದರೆ ಹೊಗೆ ಇಳಿಯುವುದು ನಿಜ. ಆದರೆ ಯಾವ ಲಾರಿ? ಸಹಾಯಧನದಲ್ಲಿ ಬಂದ ಹೊಸ ಲಾರಿ ಬೇರೆ ಮಾರ್ಗದಲ್ಲಿ ಓಡಿದರೆ, ಹಣ ಕೊಟ್ಟದ್ದು ಈ ಬೀದಿಯ ಹೆಸರಿನಲ್ಲಿ, ತಿಳಿಯಾದದ್ದು ಇನ್ನೊಂದು ಊರಿನ ಗಾಳಿ. ಕ್ಯಾಲಿಫೋರ್ನಿಯಾದ ಕಾರ್ಬನ್ ಹರಾಜಿನ ಹಣದ, ಅಂದರೆ ಇಂಗಾಲ ಹೊರಸೂಸುವ ಪರವಾನಗಿಗಳನ್ನು ಕಂಪನಿಗಳಿಗೆ ಹರಾಜು ಹಾಕಿ ರಾಜ್ಯ ಪಡೆಯುವ ಹಣದ ಕಥೆಯೂ ಇದೇ. ಕನಿಷ್ಠ ಶೇ 25ರಷ್ಟು ಹಣ ಹಿಂದುಳಿದ ಬಡಾವಣೆಗಳಿಗೆ 'ಪ್ರಯೋಜನ'ವಾಗಬೇಕೆಂದು 2012ರ ಕಾನೂನು ಹೇಳಿತು. ಆ ಬಡಾವಣೆಗಳ ಒಳಗೇ ಖರ್ಚಾಗಬೇಕಾದದ್ದು ಮಾತ್ರ ಶೇ 10. ಪ್ರಯೋಜನ ಎಂಬುದು ಕಾಗದದ ಮೇಲೆ ಎಷ್ಟು ಬೇಕಾದರೂ ಹಿಗ್ಗುವ ಪದ. ಶೇ 25ನ್ನೂ ಒಳಗೇ ಖರ್ಚು ಮಾಡಬೇಕೆಂಬ ನಿಯಮ ಬರಲು 2016 ಆಗಬೇಕಾಯಿತು. 2017ರಲ್ಲಿ ಬಂದ ಇನ್ನೊಂದು ಕಾನೂನಿನಡಿ ವೆಸ್ಟ್ ಓಕ್ಲೆಂಡಿನ ನಿವಾಸಿಗಳ ಸಂಘವೂ ಪ್ರಾದೇಶಿಕ ವಾಯು ಮಂಡಳಿಯೂ ಒಟ್ಟಿಗೆ ಕುಳಿತು ಬಡಾವಣೆಯ ಯೋಜನೆ ಬರೆದವು. 2019ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಒಟ್ಟಿಗೆ ಕುಳಿತರು ಎಂದು ಬರೆದುಬಿಡುವುದು ಸುಲಭ. ಆ ಮೇಜಿನ ಒಂದು ಕಡೆ ಕುಳಿತ ಅಧಿಕಾರಿಗೆ ಆ ಹೊತ್ತಿಗೂ ಸಂಬಳವಿದೆ. ಎದುರಿಗಿರುವಾಕೆ ದಿನದ ದುಡಿಮೆ ಮುಗಿಸಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಅರ್ಧಂಬರ್ಧ ಅರ್ಥವಾಗುವ ಭಾಷೆಯಲ್ಲಿ ನೂರಾರು ಪುಟದ ಕರಡು ಓದಿ ಬಂದಿರುತ್ತಾಳೆ. ಆಕೆಗೆ ಗೌರವಧನ, ಒಬ್ಬ ದುಭಾಷಿ, ಮಗು ನೋಡಿಕೊಳ್ಳಲು ಒಬ್ಬರು: ಇಡೀ ಅನುದಾನದಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಸಾರ್ಥಕ ಖರ್ಚು ನನಗೆ ಕಂಡಿಲ್ಲ. ಲೆಕ್ಕ ಪರಿಶೋಧಕರ ಹುಬ್ಬು ಗಂಟಿಕ್ಕುವುದೂ ಇದಕ್ಕೇ.

ಇನ್ನೊಂದು ಕಂಟಕ, ಮೊದಲು ಖರ್ಚು ಮಾಡಿ ಆಮೇಲೆ ಬಿಲ್ಲು ಕೊಟ್ಟು ಪಡೆಯಿರಿ ಎಂಬ ಪದ್ಧತಿ. ಕೈಯಲ್ಲಿ ಇಡುಗಂಟು ಇಲ್ಲದ ಸಂಘ ತಿಂಗಳುಗಟ್ಟಲೆ ಕಾಯಲಾರದು. ಆದ್ದರಿಂದ ಅನೇಕ ಸಣ್ಣ ಸಂಘಗಳು ನೋಂದಾಯಿತ ದೊಡ್ಡ ಸಂಸ್ಥೆಯೊಂದರ ಆಸರೆಯಲ್ಲಿ ಹಣ ಪಡೆದು, ಅದಕ್ಕೆ ಶೇಕಡಾವಾರು ಶುಲ್ಕ ತೆರುತ್ತವೆ. ಹೆಚ್ಚು ಮಾಲಿನ್ಯವಿದ್ದಲ್ಲಿಗೆ ಹಣ ಹೋಗಬೇಕೆಂಬ ಆಸೆ ಒಳ್ಳೆಯದೇ. ಹೋಗುವುದು ಮಾತ್ರ ಅರ್ಜಿ ಬರೆಯಲು ಬಲ್ಲವರಿದ್ದಲ್ಲಿಗೆ.

ನಿವಾಸಿಗಳಿಗೆ ಗಾಳಿ ಅಳೆಯುವ ಮಾಪಕವನ್ನಷ್ಟೇ ಹಂಚಿ ಕೈತೊಳೆದುಕೊಳ್ಳುವುದು ಮೂಗಿಗೆ ತುಪ್ಪ ಸವರಿದಂತೆ. ಇನ್ನೂರು ಮುನ್ನೂರು ಡಾಲರಿನ ಮಾಪಕ ಸೂಕ್ಷ್ಮ ಕಣಗಳನ್ನು ಅಂದಾಜಿಸುತ್ತದೆ, ಬೆಂಜೀನ್‌ನಂಥ ಅನಿಲ ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ 1990ರ ದಶಕದಲ್ಲೇ ಬಂದ ಬಕೆಟ್ ಬೇಕು: ಐದು ಗ್ಯಾಲನ್ನಿನ ಪ್ಲಾಸ್ಟಿಕ್ ಬಕೆಟ್, ಒಳಗೊಂದು ವಿಶೇಷ ಚೀಲ. ವಾಸನೆ ಬಂದ ಕೂಡಲೇ ಗಾಳಿ ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಲೂಸಿಯಾನಾದ ನಾರ್ಕೊದಲ್ಲಿ ನಿವೃತ್ತ ಶಿಕ್ಷಕಿ ಮಾರ್ಜಿ ರಿಚರ್ಡ್ ಮತ್ತು ನೆರೆಹೊರೆಯವರು ಇಂಥ ಬಕೆಟ್ಟುಗಳನ್ನೂ ಹಿಡಿದು ಹೋರಾಡಿದರು. ಅಲ್ಲಿನ ಡೈಮಂಡ್ ಬಡಾವಣೆಯವರ ಸ್ಥಳಾಂತರಕ್ಕೆ, ಪಕ್ಕದಲ್ಲೇ ರಾಸಾಯನಿಕ ಕಾರ್ಖಾನೆ ನಡೆಸುತ್ತಿದ್ದ ಶೆಲ್ ಕಂಪನಿ 2002ರಲ್ಲಿ ಒಪ್ಪಿತು.

ಕೊನೆಯದಾಗಿ, ಈ ಹಣವನ್ನು ನಂಬಿ ಕೂರಬಹುದೇ? ಕೇಂದ್ರದ 2022ರ ಕಾನೂನೊಂದು ಇಂಥ ಕೆಲಸಗಳಿಗೆಂದು 300 ಕೋಟಿ ಡಾಲರ್ ಇಟ್ಟಿತ್ತು. 2025ರಲ್ಲಿ ಟ್ರಂಪ್ ಅವರ ಹೊಸ ಆಡಳಿತ ಒಪ್ಪಂದವಾಗಿದ್ದ ಅನುದಾನಗಳನ್ನೂ ರದ್ದುಮಾಡತೊಡಗಿತು. ಹಂಚದೆ ಉಳಿದದ್ದನ್ನು ಜುಲೈಯಲ್ಲಿ ಕಾನೂನೇ ಹಿಂತೆಗೆದುಕೊಂಡಿತು. ಕೆಲವರು ಕೋರ್ಟಿಗೆ ಹೋದರು. ಹೀಗೆ ಹಣ ನಿಂತ ಕಡೆ ಗೋಡೆಯ ಮೇಲಿನ ಮಾಪಕಗಳು ಓಡುತ್ತಲೇ ಇರುತ್ತವೆ. ಅವುಗಳ ಅಂಕಿ ಓದಿ ದೂರು ಬರೆಯುತ್ತಿದ್ದವರ ಸಂಬಳ ನಿಂತಿರುತ್ತದೆ.