ಸ್ಟ್ಯಾಟಿನ್ ಅಂದ್ರ ಟಾನಿಕ್ ಅಲ್ರೀ

ಇತ್ತೀಚಿಗೆ ನಮ್ಮ ಹುಬ್ಬಳ್ಳಿ ಕ್ಲಿನಿಕ್ಕಿಗೆ ಒಂದು ಹೊಸಾ ನಮೂನಿ ಪೇಶಂಟ್ ಬರಾಕತ್ಯಾರ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ನಾರ್ಮಲ್, ಶುಗರ್ ಇಲ್ಲ, ಬಿಪಿ ಇಲ್ಲ, ಆದ್ರ ಫಂಕ್ಷನಲ್ ಮೆಡಿಸಿನ್ (ರೋಗದ ಮೂಲಕ್ಕ ಹೋಗ್ತೀವಿ ಅನ್ನೋ ಒಂದು ಪದ್ಧತಿ) ಅಂತ ಯಾರೋ ಆನ್‌ಲೈನ್‌ನಾಗ ಹೇಳಿದ್ದಕ್ಕ ರೊಸುವಾಸ್ಟಾಟಿನ್ ಅನ್ನೋ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಸೋ ಗುಳಗಿ) 5 ಎಂಜಿ ಶುರು ಮಾಡ್ಕೊಂಡಿರ್ತಾರ. ಯಾಕ್ರಿ ಅಂದ್ರ, "ಇನ್‌ಫ್ಲಮೇಶನ್ (ಉರಿಯೂತ) ಇಳಸತೈತಂತ್ರಿ ಸರ, ಮೆದುಳಿಗೂ ಚಲೋ ಅಂತ್ರಿ."

ಪೂರಾ ಸುಳ್ಳು ಅನ್ನಾಕ ಬರೂದಿಲ್ಲ. ಲಿವರ್‌ನಾಗ ಕೊಲೆಸ್ಟ್ರಾಲ್ ತಯಾರಾಗೋ ದಾರಿಯೊಳಗ ಎಚ್‌ಎಂಜಿ-ಕೋಎ ರಿಡಕ್ಟೇಸ್ ಅಂತ ಎನ್‌ಜೈಮ್ ಐತಿ, ಸ್ಟ್ಯಾಟಿನ್ ಅದನ್ನ ತಡಿತೈತಿ, ಆದ್ರ ಅದೇ ದಾರಿಯಿಂದ ಬ್ಯಾರೆ ಪದಾರ್ಥನೂ ತಯಾರಾಗ್ತಾವ, ಅವೂ ಕಮ್ಮಿ ಆಗೂದ್ರಿಂದ ರಕ್ತನಾಳದ ಒಳಪದರ ಸುಧಾರಸತೈತಿ, ರಕ್ತದಾಗ ಉರಿಯೂತ ತೋರ್ಸೋ ಸಿಆರ್‌ಪಿ ಇಳಿತೈತಿ, ಒಳಗ ಕುಂತ ಕೊಬ್ಬಿನ ಗಡ್ಡಿ ಸುಮ್ನ ಒಡಿಯೂದು ಕಮ್ಮಿ ಆಗತೈತಿ.

ಈ ಮಂದಿ ಎಲ್ಲಾರೂ ತೋರ್ಸೂದು 2008ರ ಜುಪಿಟರ್ ಟ್ರಯಲ್. ಎಲ್‌ಡಿಎಲ್ 130ಕ್ಕಿಂತ ಕಮ್ಮಿ, ಎಚ್‌ಎಸ್-ಸಿಆರ್‌ಪಿ (ಸಿಆರ್‌ಪಿ ಸೂಕ್ಷ್ಮವಾಗಿ ಅಳೆಯೋ ಟೆಸ್ಟ್) 2 ಅಥವಾ ಜಾಸ್ತಿ ಇದ್ದ 17,802 ಮಂದಿ, ಅರ್ಧ ಮಂದಿಗೆ ರೊಸುವಾಸ್ಟಾಟಿನ್ 20, ಉಳದವ್ರಿಗೆ ಔಷಧ ಇಲ್ಲದ ಖಾಲಿ ಗುಳಗಿ. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಅಂಥಾವೆಲ್ಲಾ ಕೂಡಿ ಶೇಕಡಾ 44 ಕಮ್ಮಿ ಆದವು. ಬಾಳ ದೊಡ್ಡ ನಂಬರ್ ಅನಸ್ತೈತಿ, ಆದ್ರ ಎಣಿಸಿ ನೋಡಿದ್ರ 251ರ ಜಾಗಾದಾಗ 142, ಅದೂ ಎರಡೂ ಕಡೆ ಎಂಟು ಸಾವಿರದ ಮ್ಯಾಲೆ ಮಂದಿ ಇದ್ದಾಗ. ಗಂಡಸ್ರು 50, ಹೆಣ್ಮಕ್ಳು 60 ದಾಟಿದವ್ರು. ಗುಳಗಿ ತಗೊಂಡವ್ರೊಳಗ ಡಯಾಬಿಟಿಸ್ ಸ್ವಲ್ಪ ಜಾಸ್ತಿನ ಆತು. ಇನ್ನೊಂದು, ಎಲ್‌ಡಿಎಲ್‌ನೂ ಅರ್ಧಕ್ಕ ಇಳಿದಿತ್ತು, ಹಂಗಾಗಿ ಲಾಭ ಇನ್‌ಫ್ಲಮೇಶನ್ ಇಳಿದಿದ್ದಕ್ಕ ಎಷ್ಟು, ಕೊಲೆಸ್ಟ್ರಾಲ್‌ಗೆ ಎಷ್ಟು ಅಂತ ಬ್ಯಾರೆ ಮಾಡಾಕ ಬರೂದಿಲ್ಲ. ಅದನ್ನ ತಂದು ನಮ್ಮ 34 ವಯಸ್ಸಿನ ಸಾಫ್ಟ್‌ವೇರ್ ಹುಡುಗಗ ಹಚ್ಚಿದ್ರ ಹೆಂಗ್ರಿ?

ರಕ್ತನಾಳ ಬಿಟ್ಟು ಆಚೆಕಡೆ ಹೋದ್ರ ಲೆಕ್ಕ ಇನ್ನೂ ಬಡವು. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ರೋಗ) ಇದ್ದವ್ರಿಗೆ ಸಿಮ್ವಾಸ್ಟಾಟಿನ್ ಕೊಟ್ಟು ನೋಡಿದ್ರು, ಉಪಯೋಗ ಇಲ್ಲ. ಆಲ್‌ಝೈಮರ್‌ಗೆ ಅಟೊರ್ವಾಸ್ಟಾಟಿನ್, ಅಲ್ಲೂ ಇಲ್ಲ.

ಉಲ್ಟಾ ಕೇಸೂ ಅದಾವ, ಸ್ಟ್ಯಾಟಿನ್ ಬೇಕಾದವ್ರು ಗೊತ್ತಿಲ್ದನ ಎರಡೆರಡು ತಗೊಳ್ಳೂದು. ಬ್ಯಾಡಗಿ ಕಡೆಯ ಮೆಣಸಿನಕಾಯಿ ವ್ಯಾಪಾರಸ್ಥರೊಬ್ರು, ಸ್ಟೆಂಟ್ ಹಾಕ್ಸಿಕೊಂಡವ್ರು, ಮೀನಖಂಡ ಹಿಡ್ಕೊಂಡಂಗ ಆಗ್ತೈತಿ ಅಂತ ಬಂದ್ರು. ಬ್ಯಾರೆ ಏನರ ತಗೋತೀರೇನ್ರಿ ಅಂದ್ರ ಇಲ್ಲ ಅಂದ್ರು. ಬಾಜೂಕ ಕುಂತಿದ್ದ ಅವ್ರ ಮನ್ಯಾಕಿ ಚೀಲದಾಗಿಂದ ಒಂದು ಡಬ್ಬಿ ತಗದು ಟೇಬಲ್ ಮ್ಯಾಲ ಇಟ್ರು, ರೆಡ್ ಯೀಸ್ಟ್ ರೈಸ್, ಅಂದ್ರ ಕೆಂಪು ಬೂಷ್ಟು ಬೆಳಸಿದ ಅಕ್ಕಿ. "ಇದು ಔಷಧ ಅಲ್ರಿ, ನ್ಯಾಚುರಲ್" ಅಂದ್ರು ಯಜಮಾನ್ರು. ಅದರಾಗಿರೋ ಮೊನಾಕೊಲಿನ್ ಕೆ, ಲೊವಾಸ್ಟಾಟಿನ್ ಎರಡೂ ಒಂದ! ಲೊವಾಸ್ಟಾಟಿನ್ 1987ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ಕ ಮೊದಲನೇ ಸ್ಟ್ಯಾಟಿನ್. ಯಾವ ಡಬ್ಬಿಯೊಳಗ ಎಷ್ಟು ಐತಿ ಅನ್ನೂದಕ್ಕ ಖಾತ್ರಿ ಇಲ್ಲ, ಅದರ ಮ್ಯಾಲ ಇವ್ರು ದಿನಾ ಅಟೊರ್ವಾಸ್ಟಾಟಿನ್ 40 ನುಂಗ್ತಿದ್ರು. ಡಬ್ಬಿ ಬಂದ್ ಮಾಡಿಸಿ, ಸ್ನಾಯುವಿಗೆ ಪೆಟ್ಟಾಗೈತೇನು ತೋರ್ಸೋ ಸಿಕೆ ಟೆಸ್ಟ್ ಬರಕೊಟ್ಟೆ, ಅಟೊರ್ವಾಸ್ಟಾಟಿನ್ ಗುಳಗಿ ಬಿಡಬ್ಯಾಡ್ರಿ ಅಂದೆ.

ಹಂಗಂತ ಪ್ರತಿ ಕಾಲುನೋವು ಗುಳಗಿದ ಅಲ್ಲ. ತ್ರಾಸ ಆಗ್ತೈತಿ ಅಂತ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿ ಮ್ಯಾಲ 2020ರಾಗ ಬಂದ ಸ್ಯಾಮ್ಸನ್ ಅಧ್ಯಯನದಾಗ, ತ್ರಾಸಿನ ಶೇಕಡಾ 90ರಷ್ಟು ಖಾಲಿ ಗುಳಗಿ ತಿಂದಾಗೂ ಬಂದಿತ್ತು.

ನಾ ಬರಕೊಡೂದು ಯಾರಿಗೆ ಅಂದ್ರ ಅಟ್ಯಾಕ್ ಆದವ್ರು, ಸ್ಟೆಂಟ್ ಇದ್ದವ್ರು, 40 ದಾಟಿದ ಶುಗರ್‌ನವ್ರು, ಎಲ್‌ಡಿಎಲ್ 190 ದಾಟಿದವ್ರು, ಇವ್ರಿಗೆ ವಾದ ಇಲ್ಲ. ನಡಕಿನವ್ರಿಗೆ ಮನೆತನದ ಹಿಸ್ಟರಿ, ಸಿಗರೇಟ್, ಬಿಪಿ ಕೇಳ್ತೀನಿ, ಬೇಕಾದ್ರ ಎಚ್‌ಎಸ್-ಸಿಆರ್‌ಪಿ. ಅದನ್ನ ನೆಗಡಿ, ಜ್ವರ, ಹಲ್ಲುನೋವು ಇದ್ದಾಗ ಮಾಡಸಬ್ಯಾಡ್ರಿ, ಸುಮ್ನ ಏರಿರ್ತೈತಿ. ಎರಡು ವಾರ ಬಿಟ್ಟು ಬರ್ರಿ.