ಫ್ರೆಂಚ್ ತಟ್ಟೆ ಮೇಲೆ ಜಪಾನಿನ ಹಕ್ಕಿ ಬಂದು ಕೂತಿದ್ದು ಹೇಗೆ?

ಹಳೇ ಸಾಮಾನುಗಳ ಹರಾಜಿನ ಪಟ್ಟಿ ನೋಡುವವರಿಗೆ ‘ಫ್ರೆಂಚ್ ಪಿಂಗಾಣಿ, ಜಪಾನಿ ಶೈಲಿಯ ಚಿತ್ರ’ ಅನ್ನೋ ಸಾಲು ಹೊಸದಲ್ಲ. ಹಣೆಪಟ್ಟಿ ಒಂದೇ. ಆದರೆ ಅದರ ಕೆಳಗೆ ಎರಡು ಬೇರೆ ಬೇರೆ ಕಾಲದ, ಬೇರೆ ಬೇರೆ ಬುದ್ಧಿಯ ಸಾಮಾನುಗಳಿವೆ. ಒಂದು 1730ರ ದಶಕದ್ದು, ಇನ್ನೊಂದು 1860ರ ನಂತರದ್ದು. ಮೊದಲನೆಯವರು ಜಪಾನಿನ ಸರಕನ್ನು ನಕಲು ಮಾಡಿದರು. ಎರಡನೆಯವರು ಜಪಾನಿನ ಕಲಾವಿದರು ನೋಡುವ ರೀತಿಯನ್ನೇ ಎತ್ತಿಕೊಂಡರು. ನನಗೆ ಎರಡನೆಯವರೇ ಜಾಸ್ತಿ ಇಷ್ಟ. ಆದರೂ ಶುರು ಮಾಡಬೇಕಾದ್ದು ಮೊದಲನೆಯವರಿಂದಲೇ.

ಇದಕ್ಕೆಲ್ಲ ಮೂಲ ಚೀನಾದ ಗಲಾಟೆ. 17ನೇ ಶತಮಾನದ ನಡುವೆ ಮಿಂಗ್ ಅರಸರು ಬಿದ್ದು ಚಿಂಗ್ ಅರಸರು ಬರುವಾಗ ಅಲ್ಲಿನ ಪಿಂಗಾಣಿ ಕೆಲಸ ನೆಲಕಚ್ಚಿತು. ಯುರೋಪಿಗೆ ಪಿಂಗಾಣಿ ಸಾಗಿಸಿ ಕಾಸು ಮಾಡುತ್ತಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಗೆ ಮಾಲು ಸಿಗದಂತಾಯಿತು. ಅವರು ಜಪಾನಿನ ಕ್ಯೂಶು ದ್ವೀಪದಲ್ಲಿರುವ ಅರಿತಾ ಊರಿನ ಕಡೆ ತಿರುಗಿದರು. 1659ರಲ್ಲಿ ದೊಡ್ಡ ಆರ್ಡರ್ ಹೋಯಿತು. ಆಗ ಜಪಾನ್ ಹೊರಗಿನವರಿಗೆ ಬಾಗಿಲು ಹಾಕಿತ್ತು. ಯುರೋಪಿನವರಲ್ಲಿ ವ್ಯಾಪಾರಕ್ಕೆ ಅವಕಾಶ ಇದ್ದಿದ್ದು ಡಚ್ಚರಿಗೆ ಮಾತ್ರ. ಅದೂ ನಾಗಸಾಕಿ ಬಂದರಿನ ದೆಜಿಮಾ ಅನ್ನೋ ಪುಟ್ಟ ಕೃತಕ ದ್ವೀಪದಲ್ಲಿ ಕೂತುಕೊಂಡು.

ಅರಿತಾದ ಸರಕಿನಲ್ಲಿ ಯುರೋಪಿನ ದೊಡ್ಡ ಮನೆಗಳು ಮುಗಿಬಿದ್ದಿದ್ದು ಕಾಕಿಯೆಮೊನ್ ಮಾದರಿಗೆ. ಹಾಲು ಬಿಳುಪಿನ ಮೈ. ಕಿತ್ತಳೆಗೆ ತಿರುಗಿದ ಕೆಂಪು, ನೀಲಿ, ಹಸಿರು, ಒಂಚೂರು ಹಳದಿ. ತಟ್ಟೆಯ ಒಂದು ಮಗ್ಗುಲಲ್ಲಿ ಹೂಬಿಟ್ಟ ಕೊಂಬೆ, ಅದರ ಬುಡದಲ್ಲಿ ಒಂದು ಜೋಡಿ ಲಾವಕ್ಕಿ. ಮಿಕ್ಕಿದ್ದೆಲ್ಲ ಖಾಲಿ.

ಪ್ಯಾರಿಸ್‌ನಲ್ಲಿ ಈ ಹುಚ್ಚು ಎಷ್ಟಿತ್ತು ಅನ್ನೋದಕ್ಕೆ ಒಂದು ಹಗರಣವೇ ಸಾಕ್ಷಿ. ಜರ್ಮನಿಯ ಸ್ಯಾಕ್ಸನಿಯಲ್ಲಿ ಮೈಸೆನ್ ಕಾರ್ಖಾನೆ ಆಗಲೇ ಅಸಲಿ ಪಿಂಗಾಣಿ ಮಾಡುವ ಗುಟ್ಟು ಕಂಡುಕೊಂಡಿತ್ತು. ರೊಡಾಲ್ಫ್ ಲೆಮೇರ್ ಅನ್ನೋ ಪ್ಯಾರಿಸ್ ವ್ಯಾಪಾರಿ ಅಲ್ಲಿಗೆ ಹೋಗಿ, ಸ್ಯಾಕ್ಸನಿಯ ಮಂತ್ರಿ ಕೌಂಟ್ ಹೋಯ್ಮ್‌ನ ಬೆಂಬಲದಿಂದ, ದೊರೆಯ ಸಂಗ್ರಹದಲ್ಲಿದ್ದ ಕಾಕಿಯೆಮೊನ್ ಪಾತ್ರೆಗಳ ತದ್ರೂಪು ಮಾಡಿಸಿಕೊಂಡ. ಕಾರ್ಖಾನೆಯ ಕತ್ತಿಗಳ ಗುರುತನ್ನು ಗ್ಲೇಜ್ (ಪಾತ್ರೆಯ ಮೈಗೆ ಬಳಿಯುವ ಗಾಜಿನಂಥ ಲೇಪ) ಮೇಲೆ ಹಾಕಿಸಿದ. ಉಜ್ಜಿದರೆ ಅಳಿಸಿಹೋಗಲಿ ಅಂತ! ಅಳಿಸಿದ ಮೇಲೆ ಅದು ‘ಜಪಾನಿನದೇ’. 1731ರಲ್ಲಿ ವಿಷಯ ಬಯಲಾಯಿತು, ಹೋಯ್ಮ್ ಪದವಿ ಕಳೆದುಕೊಂಡ.

ಅದೇ ಹೊತ್ತಿಗೆ ಪ್ಯಾರಿಸ್‌ನ ಉತ್ತರಕ್ಕಿರುವ ಶಾಂಟಿಯಿಯಲ್ಲಿ ಇನ್ನೊಬ್ಬ ಜಪಾನ್ ಪ್ರೇಮಿ ಇದ್ದ. ಬೂರ್ಬನ್‌ನ ಡ್ಯೂಕ್ ಲೂಯಿ ಆನ್ರಿ. 15ನೇ ಲೂಯಿ ದೊರೆ 1726ರಲ್ಲಿ ಇವನನ್ನು ಪ್ರಧಾನಿ ಪದವಿಯಿಂದ ಕಿತ್ತುಹಾಕಿ ಊರಿಗೆ ಅಟ್ಟಿದ್ದ. ಕೈತುಂಬ ದುಡ್ಡು, ಮಾಡಲು ಕೆಲಸವಿಲ್ಲ, ಮನೆ ತುಂಬ ಅರಿತಾ ಪಿಂಗಾಣಿ. ಸಿಕೇರ್ ಸಿರೂ ಅನ್ನೋ ಕುಶಲಕರ್ಮಿಯನ್ನು ಇಟ್ಟುಕೊಂಡು 1730ರ ಸುಮಾರಿಗೆ ತನ್ನದೇ ಕಾರ್ಖಾನೆ ತೆರೆದ. 1735ರಲ್ಲಿ ದೊರೆಯ ಪರವಾನಗಿಯೂ ಬಂತು. ಜಪಾನಿನ ಪಿಂಗಾಣಿಯನ್ನು ಅನುಕರಿಸಿ ಮಾಡಬಹುದು ಅಂತ ಅದರಲ್ಲೇ ಬರೆದಿತ್ತು. ಕದ್ದುಮುಚ್ಚಿ ಮಾಡಿದ ನಕಲು ಅಲ್ಲವೇ ಅಲ್ಲ.

ಆದರೆ ಒಂದು ತೊಡಕಿತ್ತು. ಅಸಲಿ ಪಿಂಗಾಣಿಗೆ ಕೆಯೋಲಿನ್ ಅನ್ನೋ ಬಿಳಿ ಮಣ್ಣು ಬೇಕು. ಅದು ಫ್ರಾನ್ಸಿನಲ್ಲಿ ಆಗಿನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಜೇಡಿಮಣ್ಣಿಗೆ ಗಾಜಿನ ಪುಡಿಯಂಥದ್ದನ್ನು ಬೆರೆಸಿ ‘ಸಾಫ್ಟ್ ಪೇಸ್ಟ್’ ಮಾಡುತ್ತಿದ್ದರು. ಭಟ್ಟಿಯಲ್ಲಿ ಅದು ಸೊಟ್ಟಗಾಗೋದು ಜಾಸ್ತಿ. ಸುಟ್ಟ ಮೇಲೆ ಬಣ್ಣ ತುಸು ಹಳದಿ. ಕಾಕಿಯೆಮೊನ್‌ನ ಬಿಳುಪು ಬರಬೇಕಲ್ಲ? ಶಾಂಟಿಯಿಯವರು ಗ್ಲೇಜಿಗೆ ತವರದ ಆಕ್ಸೈಡ್ ಸೇರಿಸಿ ದಪ್ಪ ಬಿಳಿ ಪದರ ಬಳಿದರು. ಮಣ್ಣಿನ ಪಾತ್ರೆಗೆ ಮಾಡುವ ಉಪಾಯ ಅದು. ಕೆಲಸವಾಯಿತು. ಇವತ್ತು ಅಂಥ ತಟ್ಟೆಯನ್ನು ಹತ್ತಿರದಿಂದ ನೋಡಿದರೆ ಮೈ ಬೆಣ್ಣೆ ಸವರಿದ ಹಾಗೆ ಮಂದವಾಗಿ, ಮೃದುವಾಗಿ ಕಾಣುತ್ತದೆ. ಅದರ ಮೇಲೆ ಸಣ್ಣ ಕಪ್ಪು ಗೆರೆಯಲ್ಲಿ ಲಾವಕ್ಕಿ, ಅಳಿಲು, ಕೊಕ್ಕರೆ. ಗೆರೆಯೊಳಗೆ ತೆಳುವಾಗಿ ಬಣ್ಣ. ತಳದಲ್ಲಿ ಕೆಂಪು ಬಣ್ಣದ ಬೇಟೆಯ ಕೊಂಬು, ಅದೇ ಶಾಂಟಿಯಿಯ ಗುರುತು.

ಆ ಚಿತ್ರ ಬಿಡಿಸಿದವರಲ್ಲಿ ಯಾರೂ ಜಪಾನ್ ನೋಡಿದವರಲ್ಲ. ಹಕ್ಕಿ ಯಾಕೆ ಆ ಹೂವಿನ ಕೆಳಗೇ ಕೂತಿದೆ ಅಂತ ಕೇಳಿದವರೂ ಇರಲಿಕ್ಕಿಲ್ಲ. ಎದುರಿಗಿದ್ದ ಪಾತ್ರೆ ಹೇಗಿತ್ತೋ ಹಾಗೆ. 1740ರಲ್ಲಿ ಡ್ಯೂಕ್ ತೀರಿಕೊಂಡ. ಅದೇ ಸುಮಾರಿಗೆ ಅಲ್ಲಿಂದ ಜಾಗ ಖಾಲಿ ಮಾಡಿದ ದ್ಯುಬುವಾ ಸಹೋದರರು ವಾನ್ಸೆನ್‌ನಲ್ಲಿ ಕೆಲಸ ಶುರು ಮಾಡಿದರು. ಮುಂದೆ ಅದೇ ಸೆವ್ರ್‌ನ ರಾಜ ಕಾರ್ಖಾನೆಯಾಯಿತು. ರುಚಿ ಚಿನ್ನದ ಅಂಚಿಗೆ, ಯುರೋಪಿನ ಹೂಗೊಂಚಲಿಗೆ ಹೊರಳಿತು. 1768ರ ಹೊತ್ತಿಗೆ ಲಿಮೋಜ್ ಹತ್ತಿರದ ಸೇಂಟ್ ಇರಿಯೇಯಲ್ಲಿ ಕೆಯೋಲಿನ್ ಸಿಕ್ಕಿತು. ಅಲ್ಲಿನ ವೈದ್ಯರೊಬ್ಬರ ಹೆಂಡತಿ ಅದನ್ನು ಬಟ್ಟೆ ಒಗೆಯೋಕೆ ಬಳಸಲು ನೋಡಿದ್ದರು ಅಂತ ಒಂದು ಕತೆ ಇದೆ. ಜಪಾನ್ ಮಾತ್ರ ಊಟದ ಮೇಜಿನಿಂದ ಹೆಚ್ಚುಕಮ್ಮಿ ಮಾಯವಾಯಿತು.

ವಾಪಸ್ ಬಂದಿದ್ದು ಕಾಗದದ ಮೇಲೆ. 1854ರಲ್ಲಿ ಅಮೆರಿಕದ ಹಡಗುಗಳ ಒತ್ತಡಕ್ಕೆ ಜಪಾನ್ ಬಾಗಿಲು ತೆರೆಯಿತು. 1858ರಲ್ಲಿ ಫ್ರಾನ್ಸ್ ಜೊತೆ ಒಪ್ಪಂದವಾಯಿತು. ಮರದಚ್ಚಿನ ಚಿತ್ರಗಳು ಪ್ಯಾರಿಸ್‌ಗೆ ಹರಿದುಬಂದವು. ಫೆಲಿಕ್ಸ್ ಬ್ರಾಕ್ಮೋ ಅನ್ನೋ ಎಚಿಂಗ್ (ತಾಮ್ರದ ಹಾಳೆ ಕೊರೆದು ಅಚ್ಚು ತೆಗೆಯುವ) ಕಲಾವಿದ ಒಬ್ಬ ಮುದ್ರಕನ ಅಂಗಡಿಯಲ್ಲಿ ಜಪಾನಿನ ಚಿತ್ರಕಾರ ಹೊಕುಸಾಯ್‌ನ ರೇಖಾಚಿತ್ರಗಳ ಪುಸ್ತಕ ಕಂಡು ಮರುಳಾದ ಅಂತಾರೆ. 1866ರಲ್ಲಿ ಯೂಜೀನ್ ರೂಸೋ ಅನ್ನೋ ವ್ಯಾಪಾರಿ ಒಂದು ಊಟದ ಸೆಟ್‌ಗೆ ಚಿತ್ರ ಬೇಕು ಅಂತ ಅವನನ್ನೇ ಹಿಡಿದ.

ಬ್ರಾಕ್ಮೋ ಮಾಡಿದ್ದೇನು? ಹೊಕುಸಾಯ್ ಮತ್ತು ‘ಹಿರೋಶಿಗೆ’ ಅನ್ನೋ ಇನ್ನೊಬ್ಬ ಜಪಾನಿ ಕಲಾವಿದನ ಚಿತ್ರಗಳಿಂದ ಹುಂಜ, ಮೀನು, ಸೀಗಡಿ, ಚಿಟ್ಟೆ, ಹೂಬಳ್ಳಿಗಳನ್ನು ಆರಿಸಿ ತಾಮ್ರದ ಹಾಳೆಗಳ ಮೇಲೆ ಗುಂಪುಗುಂಪಾಗಿ ಕೊರೆದ. ಕೆಲಸಗಾರರು ಆ ಅಚ್ಚಿನ ಕಾಗದದಿಂದ ಒಂದೊಂದು ಚಿತ್ರವನ್ನು ಕತ್ತರಿಸಿ ತಟ್ಟೆಗೆ ಒತ್ತಿ, ಮೇಲೆ ಕೈಯಿಂದ ಬಣ್ಣ ತುಂಬಿದರು. ಒಂದು ತಟ್ಟೆಗೆ ಸಾಮಾನ್ಯವಾಗಿ ಮೂರು ಚಿತ್ರ. ಒಂದು ದೊಡ್ಡದು, ಒಂದು ಮಧ್ಯಮ, ಒಂದು ಚಿಕ್ಕದು. ಹುಂಜ ನಡುವಿನಲ್ಲಿ ಇರಲ್ಲ, ಪಕ್ಕಕ್ಕೆ ಸರಿದಿರುತ್ತೆ. ಬಾಲ ಅಂಚು ದಾಟಿದರೂ ಪರವಾಗಿಲ್ಲ. ಯುರೋಪಿನ ತಟ್ಟೆ ಅಂದರೆ ನಡುವೆ ಚಿತ್ರ, ಸುತ್ತ ಸಮಸಮವಾದ ಅಂಚು ಅಂತ ಇದ್ದ ಕಟ್ಟಳೆ ಇಲ್ಲಿ ಮುರಿಯಿತು. ತಮಾಷೆ ಅಂದ್ರೆ ತಟ್ಟೆಯ ಆಕಾರ ಹಳೇ ಫ್ರೆಂಚರದೇ, 18ನೇ ಶತಮಾನದ ಬಳುಕು ಅಂಚಿನದು. ಇನ್ನೊಂದು ಮಾತು. ಇದು ಪಿಂಗಾಣಿಯೇ ಅಲ್ಲ! ಕ್ರೇ-ಮೋಂತ್ರೋ ಕಾರ್ಖಾನೆಯ ಮಣ್ಣಿನ ಪಾತ್ರೆ. ಆದರೂ ಮುಂದೆ ಬಂದ ಪಿಂಗಾಣಿಗೆ ದಾರಿ ತೋರಿಸಿದ್ದು ಇದೇ.

1867ರ ಪ್ಯಾರಿಸ್ ಜಾಗತಿಕ ಪ್ರದರ್ಶನದಲ್ಲಿ ರೂಸೋ ಸೆಟ್ ಭಾರಿ ಹೆಸರು ಮಾಡಿತು. ಜಪಾನ್ ಮೊದಲ ಸಲ ಅಧಿಕೃತವಾಗಿ ಭಾಗವಹಿಸಿದ್ದೂ ಅಲ್ಲೇ. ಅರಿತಾ ಸೇರಿದ್ದ ಸಾಗಾ ಸಂಸ್ಥಾನದವರು ಅಲ್ಲಿನ ಪಿಂಗಾಣಿಯನ್ನೇ ಹೊತ್ತು ತಂದಿದ್ದರು. ಅಸಲೂ ಅನುಕರಣೆಯೂ ಒಂದೇ ಜಾತ್ರೆಯಲ್ಲಿ!

ಈ ಹೊಸ ಗಾಳಿಯನ್ನು ಪಿಂಗಾಣಿಗೆ ತಂದವರು ಲಿಮೋಜ್‌ನ ಹ್ಯಾವಿಲ್ಯಾಂಡ್ ಮನೆತನ. ಮೂಲತಃ ನ್ಯೂಯಾರ್ಕ್‌ನ ವ್ಯಾಪಾರಿಗಳು. ಆ ಮನೆಯ ಮಗ ಚಾರ್ಲ್ಸ್‌ಗೆ ಜಪಾನಿ ಕಲೆಯ ಸಂಗ್ರಹದ ಗೀಳು. 1872ರಲ್ಲಿ ಅವರು ಬ್ರಾಕ್ಮೋನನ್ನು ಸೇರಿಸಿಕೊಂಡು ಪ್ಯಾರಿಸ್‌ನ ಓತೈಯಲ್ಲಿ ಸ್ಟುಡಿಯೋ ತೆರೆದರು. ಅವನು 1881ರವರೆಗೆ ಅಲ್ಲಿದ್ದ. ಮಳೆ, ಮಂಜು, ಬೆಳದಿಂಗಳು ತಟ್ಟೆಗೆ ಬಂದವು. ಬಣ್ಣದ ಚಿತ್ರವನ್ನು ಕಾಗದದಿಂದ ನೇರ ಪಿಂಗಾಣಿಗೆ ಇಳಿಸುವ ತಂತ್ರ ಬಂದ ಮೇಲೆ ಇವು ಮಧ್ಯಮ ವರ್ಗದ ಮೇಜಿಗೂ ತಲುಪಿದವು, ಮುಖ್ಯವಾಗಿ ಅಮೆರಿಕದಲ್ಲಿ. ಅತ್ತ 1870ರಲ್ಲೇ ಗಾಟ್‌ಫ್ರೀಡ್ ವಾಗನರ್ ಅನ್ನೋ ಜರ್ಮನ್ ರಸಾಯನ ತಜ್ಞ ಅರಿತಾಕ್ಕೆ ಹೋಗಿ ಪಾಶ್ಚಾತ್ಯ ಬಣ್ಣ, ಕಲ್ಲಿದ್ದಲ ಭಟ್ಟಿಗಳ ವಿದ್ಯೆ ಹೇಳಿಕೊಡುತ್ತಿದ್ದ.

ಈಗ ಕೊಳ್ಳುವವರ ತಲೆನೋವು. ಲಿಮೋಜ್ ತಟ್ಟೆಯ ಕಾಲ ಅಂದಾಜು ಮಾಡೋದು ಅಷ್ಟು ಕಷ್ಟವಲ್ಲ. 1891ರಿಂದ ಅಮೆರಿಕದ ಸುಂಕದ ಕಾನೂನು ಸರಕಿನ ಮೇಲೆ ದೇಶದ ಹೆಸರು ಕೇಳಿತು. ಹಾಗಾಗಿ ತಳದಲ್ಲಿ ‘ಫ್ರಾನ್ಸ್’ ಅಂತ ಇದ್ದರೆ ಸಾಮಾನ್ಯವಾಗಿ ಅದರ ನಂತರದ್ದು. ಶಾಂಟಿಯಿ ವಿಷಯದಲ್ಲಿ ಹುಷಾರು. ಪ್ಯಾರಿಸ್‌ನಲ್ಲಿ 1845ರಲ್ಲಿ ಶುರುವಾದ ಸ್ಯಾಮ್ಸನ್ ಕಾರ್ಖಾನೆ ಕಾಕಿಯೆಮೊನ್, ಇಮಾರಿ (ಅರಿತಾದ ಇನ್ನೊಂದು ಮಾದರಿ), ಮೈಸೆನ್, ಶಾಂಟಿಯಿ ಯಾವುದನ್ನೂ ಬಿಡದೆ ನಕಲು ಮಾಡಿತು. ಗುರುತಿಗೆ ಗುರುತನ್ನೂ ಹೋಲಿಸಿ ಹಾಕಿತು. ಅವರು ಹೆಚ್ಚಾಗಿ ಬಳಸಿದ್ದು ಕೆಯೋಲಿನ್ ಇರುವ ಗಟ್ಟಿ ಪಿಂಗಾಣಿ. ಆದ್ದರಿಂದ ಬೇಟೆಯ ಕೊಂಬು ನೋಡಿ ಖುಷಿಪಡೋ ಮೊದಲು ಪಾತ್ರೆ ಕೂರುವ ತಳದ ಉಂಗುರದಲ್ಲಿ ಗ್ಲೇಜ್ ಇಲ್ಲದ ಜಾಗ ನೋಡಿ. ಮಣ್ಣು ತಣ್ಣಗೆ, ಬೂದು ಬಿಳುಪಾಗಿ, ಗಾಜಿನಷ್ಟು ಬಿಗಿಯಾಗಿ ಕಂಡರೆ ಅದು ಡ್ಯೂಕ್‌ನ ಕಾಲದ್ದಲ್ಲ. ಹಾಗಂತ ಎಸೆಯಬೇಡಿ, ಸ್ಯಾಮ್ಸನ್ ನಕಲುಗಳನ್ನೇ ಹುಡುಕಿ ಕೊಳ್ಳುವವರೂ ಈಗ ಇದ್ದಾರೆ.