ಟಿಬಿ ಮರಳಿ ಬಂದರೆ ಮದ್ದು ನಾಟುವುದಿಲ್ಲವೇ?

ಪ್ರಶ್ನೆ: ನಮ್ಮ ಅಣ್ಣನಿಗೆ ಆರು ವರ್ಷದ ಹಿಂದೆ ಟಿಬಿ ಬಂದಿತ್ತು. ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ ವಾಸಿಯಾದ. ಈಗ ಮತ್ತೆ ಬಂದಿದೆ. ಎರಡನೇ ಸಲ ಬಂದರೆ ಅದು ಔಷಧಕ್ಕೆ ಬಗ್ಗದ ಟಿಬಿಯೇ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಿಜವಾಗಿ ಎಷ್ಟು ಜನರಿಗೆ ಹೀಗಾಗುತ್ತದೆ? ಮೊದಲ ಸಲ ಬಂದವರಿಗೆ ಆ ಭಯ ಇಲ್ಲವೇ?

ಉತ್ತರ: ಮೊದಲು ಅಂಕಿ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಅಂದಾಜಿನಂತೆ ಜಗತ್ತಿನಲ್ಲಿ ಹೊಸದಾಗಿ ಟಿಬಿ ಬಂದವರಲ್ಲಿ ಶೇ. 3.2 ಮಂದಿಗೆ, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 16 ಮಂದಿಗೆ ರಿಫಾಂಪಿಸಿನ್‌ಗೆ ಬಗ್ಗದ ಟಿಬಿ ಇತ್ತು. ಇವರಲ್ಲಿ ಹೆಚ್ಚಿನವರಿಗೆ ಐಸೊನಿಯಾಜಿಡ್ ಕೂಡ ಕೆಲಸ ಮಾಡುವುದಿಲ್ಲ. ಈ ಎರಡೂ ಮುಖ್ಯ ಔಷಧಗಳು ಸೋತ ಟಿಬಿಯನ್ನೇ ಎಂಡಿಆರ್ ಎನ್ನುವುದು. ಅಂದರೆ ಮರಳಿ ಬಂದವರಿಗೆ ಅಪಾಯ ಐದು ಪಟ್ಟು ಹೆಚ್ಚು ಎನ್ನುವುದು ಸುಳ್ಳಲ್ಲ. ಆದರೆ ಅದೇ ಅಂಕಿಯನ್ನು ಮಗುಚಿ ನೋಡಿ: ಮರಳಿ ಬಂದ ನೂರು ಮಂದಿಯಲ್ಲಿ ಎಂಬತ್ತನಾಲ್ಕು ಮಂದಿಗೆ ರಿಫಾಂಪಿಸಿನ್ ಈಗಲೂ ನಾಟುತ್ತದೆ. ನಿಮ್ಮನ್ನು ಹೆದರಿಸುತ್ತಿರುವವರು ಈ ಎಂಬತ್ತನಾಲ್ಕರ ಲೆಕ್ಕ ಹೇಳಿರಲಾರರು.

ಜಾಗದಿಂದ ಜಾಗಕ್ಕೆ ಈ ಪ್ರಮಾಣ ಬಹಳ ಬದಲಾಗುತ್ತದೆ. ಭಾರತದಲ್ಲಿ 2014ರಿಂದ 2016ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಎಂಡಿಆರ್ ಪ್ರಮಾಣ ಹೊಸಬರಲ್ಲಿ ಶೇ. 2.84, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 11.60 ಇತ್ತು. ಹಿಂದಿನ ಸೋವಿಯತ್ ಒಕ್ಕೂಟದ ಕೆಲವು ದೇಶಗಳಲ್ಲಿ ಹೊಸ ರೋಗಿಗಳಲ್ಲೇ ಕಾಲು ಭಾಗ ದಾಟುತ್ತದೆ, ಮರಳಿ ಬಂದವರಲ್ಲಿ ಅರ್ಧವನ್ನೂ ಮೀರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಇದೇ. ಒಂದು ಸಣ್ಣ ಲೆಕ್ಕ ಹಾಕೋಣ. ಸಾವಿರ ರೋಗಿಗಳಿದ್ದಾರೆ, ಅವರಲ್ಲಿ 900 ಮಂದಿ ಹೊಸಬರು, 100 ಮಂದಿ ಮರಳಿ ಬಂದವರು ಎಂದಿಟ್ಟುಕೊಳ್ಳಿ. 900ಕ್ಕೆ ಶೇ. 3.2 ಎಂದರೆ ಸುಮಾರು 29 ಮಂದಿ. 100ಕ್ಕೆ ಶೇ. 16 ಎಂದರೆ 16 ಮಂದಿ. ಔಷಧಕ್ಕೆ ಬಗ್ಗದ ಟಿಬಿ ಇರುವ ಈ 45 ಮಂದಿಯಲ್ಲಿ ಹೆಚ್ಚಿನವರು ಹಿಂದೆಂದೂ ಟಿಬಿ ಮಾತ್ರೆಯ ಮುಖ ನೋಡಿದವರಲ್ಲ! ಶೇಕಡಾವಾರು ನೋಡಿದರೆ ಹಳಬರದ್ದು ಮೇಲುಗೈ, ತಲೆ ಎಣಿಸಿದರೆ ಹೊಸಬರದ್ದು. "ಮೊದಲ ಸಲ ತಾನೆ, ಔಷಧ ನಾಟುತ್ತದೋ ಇಲ್ಲವೋ ಎಂದು ನೋಡುವುದೇನು ಬೇಡ" ಎಂದು ಸುಮ್ಮನಾದರೆ ಕೈತಪ್ಪಿ ಹೋಗುವುದು ಆ 29 ಮಂದಿ.

ಒಂದೂ ಮಾತ್ರೆ ನುಂಗದವರಿಗೆ ಇದು ಬರುವುದಾದರೂ ಹೇಗೆ? ಗಾಳಿಯಿಂದ, ಮಾಮೂಲಿ ಟಿಬಿ ಹರಡುವ ಹಾಗೆಯೇ. ಕೆಮ್ಮಿದಾಗ ಹೊರಬರುವ ರೋಗಾಣು ಔಷಧಕ್ಕೆ ಮೊಂಡಾಗಿದ್ದರೆ ಅದನ್ನು ಉಸಿರಾಡಿದವರಿಗೂ ಮೊಂಡು ರೋಗಾಣುವೇ ಸಿಗುತ್ತದೆ. ನ್ಯೂಯಾರ್ಕ್ ನಗರ ಈ ಪಾಠವನ್ನು ಕಲಿತದ್ದು ದುಬಾರಿ ಬೆಲೆ ತೆತ್ತು. 1991ರಲ್ಲಿ ಅಲ್ಲಿನ ರೋಗಿಗಳ ಮಾದರಿಗಳನ್ನು ಒಟ್ಟಾಗಿ ಪರೀಕ್ಷಿಸಿದಾಗ ಶೇ. 19ರಷ್ಟು ಎಂಡಿಆರ್ ಸಿಕ್ಕಿತು. ಆಸ್ಪತ್ರೆಯ ವಾರ್ಡುಗಳು, ಜೈಲುಗಳು, ನಿರ್ವಸಿತರ ತಂಗುದಾಣಗಳಲ್ಲಿ ಅದು ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಮುಂದೆ ಕೆಲವೇ ವರ್ಷಗಳಲ್ಲಿ ಅದು ಬಹುಪಾಲು ಇಳಿಯಿತು: ಎದುರಿಗೇ ಕೂತು ಮಾತ್ರೆ ನುಂಗಿಸಿದರು, ವಾರ್ಡುಗಳ ಗಾಳಿ ವ್ಯವಸ್ಥೆ ಸರಿಪಡಿಸಿದರು, ಸೋಂಕಿತರನ್ನು ಬೇರೆ ಇರಿಸಿದರು.

ಹಾಗಾದರೆ ರೋಗಾಣು ಮೊಂಡಾಗುವುದು ಎಲ್ಲಿ? ಮೂಲದಲ್ಲಿ ಒಬ್ಬ ರೋಗಿಯ ಶ್ವಾಸಕೋಶದ ಒಳಗೇ. ಟಿಬಿ ಕೊರೆದ ಒಂದು ಕುಹರದಲ್ಲಿ ಒಂದು ಕೋಟಿಯಿಂದ ನೂರು ಕೋಟಿವರೆಗೆ ರೋಗಾಣುಗಳಿರಬಹುದು. ಅವು ಮರಿ ಹಾಕುವಾಗ ಜೀನ್‌ಗಳಲ್ಲಿ ಅಕಸ್ಮಾತ್ ತಪ್ಪುಗಳಾಗುತ್ತವೆ. ಹೀಗೆ ಐಸೊನಿಯಾಜಿಡ್‌ಗೆ ಬಗ್ಗದ ರೋಗಾಣು ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಬಗ್ಗದ್ದು ಸುಮಾರು ಹತ್ತು ಕೋಟಿಗೆ ಒಂದು ಹುಟ್ಟುತ್ತದೆ. ಅಂದರೆ ಔಷಧ ಶುರುವಾಗುವ ಮೊದಲೇ ಒಂದೊಂದಕ್ಕೆ ಬಗ್ಗದವು ಅಲ್ಲಿ ಇರಬಹುದು. ಎರಡಕ್ಕೂ ಒಟ್ಟಿಗೆ ಬಗ್ಗದ್ದು ತಾನಾಗಿ ಹುಟ್ಟುವ ಸಾಧ್ಯತೆ 1ರ ಮುಂದೆ 14 ಸೊನ್ನೆ ಬರೆದರೆ ಬರುವ ಸಂಖ್ಯೆಗೆ ಒಂದು. ಅಷ್ಟು ರೋಗಾಣು ಯಾರ ಮೈಯಲ್ಲೂ ಇರುವುದಿಲ್ಲ. ಮೂರು ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುವುದರ ಗುಟ್ಟು ಇದೇ: ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯುತ್ತದೆ.

ಒಂದೇ ಔಷಧ ಕೊಟ್ಟರೆ ಏನಾಗುತ್ತದೆ ಎಂಬುದು ಆರಂಭದ ದಿನಗಳಲ್ಲೇ ಗೊತ್ತಾಯಿತು. ಬ್ರಿಟನ್ನಿನಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಕೊಟ್ಟು ನಡೆಸಿದ ಪ್ರಯೋಗದ ಫಲಿತಾಂಶ 1948ರಲ್ಲಿ ಪ್ರಕಟವಾಯಿತು. ಮೊದಲ ತಿಂಗಳುಗಳಲ್ಲಿ ರೋಗಿಗಳು ಬೆರಗಾಗುವಷ್ಟು ಚೇತರಿಸಿಕೊಂಡರು. ಆಮೇಲೆ ಬಹುಪಾಲು ಮಂದಿಯ ರೋಗಾಣು ಆ ಔಷಧವನ್ನು ಲೆಕ್ಕಕ್ಕೇ ತೆಗೆದುಕೊಳ್ಳದಂತಾಯಿತು. ಐದು ವರ್ಷ ಕಳೆಯುವ ಹೊತ್ತಿಗೆ, ಔಷಧ ಪಡೆದವರ ಮತ್ತು ಪಡೆಯದವರ ಸಾವಿನ ಅಂತರ ಬಹಳ ಕಿರಿದಾಗಿತ್ತು.

"ಮಾತ್ರೆ ಬಿಟ್ಟಿದ್ದಕ್ಕೇ ಹೀಗಾಯಿತು" ಎನ್ನುವ ದೂರು ಹುಟ್ಟಿದ್ದು ಇಲ್ಲಿಂದ. ಅರ್ಧಂಬರ್ಧ ಚಿಕಿತ್ಸೆ ಒಂದು ಕಾರಣ, ಹೌದು. ಆದರೆ ತಪ್ಪು ಪ್ರಮಾಣದ ಚೀಟಿ, ಮಾತ್ರೆಯ ದಾಸ್ತಾನು ಮುಗಿದದ್ದು, ಕಳಪೆ ಔಷಧ, ಔಷಧವನ್ನು ಸರಿಯಾಗಿ ಹೀರಿಕೊಳ್ಳದ ಕರುಳು ಕೂಡ ಕಾರಣಗಳೇ. ಮಧ್ಯದಲ್ಲಿ ಬಿಟ್ಟವರನ್ನು ಬಹಳ ಕಾಲ 'ಡಿಫಾಲ್ಟರ್' ಎಂದು ಬರೆದುಕೊಳ್ಳುತ್ತಿದ್ದರು, ಸಾಲ ಕಟ್ಟದವರಿಗೆ ಅನ್ನುವ ಹಾಗೆ! 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದವನ್ನು ಕೈಬಿಟ್ಟಿತು. ಮನೆಮಂದಿಯೂ ಬಿಟ್ಟರೆ ಒಳ್ಳೆಯದು.

'ಹಿಂದೆ ಚಿಕಿತ್ಸೆ ಪಡೆದವರು' ಎನ್ನುವುದೂ ಒಂದೇ ಗುಂಪಲ್ಲ. ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ದಿನ ಟಿಬಿ ಔಷಧ ತೆಗೆದುಕೊಂಡವರೆಲ್ಲ ಅದರಲ್ಲಿ ಬರುತ್ತಾರೆ. ಇಪ್ಪತ್ತು ದಿನ ನುಂಗಿ ಬಿಟ್ಟವರು ಲೆಕ್ಕದಲ್ಲಿ ಹೊಸಬರೇ. ಚಿಕಿತ್ಸೆ ನಡೆಯುತ್ತಿರುವಾಗಲೇ ಕಫದಲ್ಲಿ ರೋಗಾಣು ಉಳಿದವರು, ನಡುವೆ ಬಿಟ್ಟು ಮರಳಿದವರು, ಪೂರ್ತಿ ವಾಸಿಯಾಗಿ ವರ್ಷಗಳ ನಂತರ ಮತ್ತೆ ಬಂದವರು ಎಲ್ಲರೂ ಆ ಶೇ. 16ರ ಹಿಂದಿದ್ದಾರೆ. ಇವರಲ್ಲಿ ಮೊದಲನೆಯ ಬಗೆಯವರಲ್ಲಿ ಎಂಡಿಆರ್ ಹೆಚ್ಚು, ಕೊನೆಯವರಲ್ಲಿ ಸಾಮಾನ್ಯವಾಗಿ ಕಡಿಮೆ. ನಿಮ್ಮ ಅಣ್ಣ ಕೊನೆಯ ಗುಂಪಿನವರು. ಆರು ವರ್ಷದ ಬಳಿಕ ಬಂದದ್ದು ಹಳೆಯ ರೋಗಾಣು ಮತ್ತೆ ಎದ್ದದ್ದೇ ಆಗಬೇಕಿಲ್ಲ, ಹೊಸದಾಗಿ ತಗುಲಿದ ಸೋಂಕೂ ಆಗಿರಬಹುದು.

ಹಿಂದೆಲ್ಲ ಮರಳಿ ಬಂದವರಿಗೆ ಹಳೆಯ ಔಷಧಗಳ ಜೊತೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಸೇರಿಸಿ ಎಂಟು ತಿಂಗಳು ಕೊಡುತ್ತಿದ್ದರು, ರೋಗಾಣು ಯಾವುದಕ್ಕೆ ಬಗ್ಗುತ್ತದೆ ಎಂದು ನೋಡದೆಯೇ. ಸೋಲುತ್ತಿರುವ ಔಷಧಗಳಿಗೆ ಒಂದನ್ನು ಮಾತ್ರ ಸೇರಿಸುವುದು ಎಂಥ ಅಪಾಯ ಎಂದು ಮೇಲಿನ ಲೆಕ್ಕವೇ ಹೇಳುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಪದ್ಧತಿ ಬೇಡವೆಂದಿತು. ಈಗ ಕಫದ ಮಾದರಿಯನ್ನು ಜೀನ್ ಪರೀಕ್ಷೆಯ ಯಂತ್ರಕ್ಕೆ ಹಾಕಿದರೆ ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ರಿಫಾಂಪಿಸಿನ್ ನಾಟುತ್ತದೆಯೇ ಎಂಬ ಎರಡೂ ಉತ್ತರ ಸಿಗುತ್ತವೆ. ಅಣ್ಣನಿಗೆ ಈ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹಿಂದಿನ ಚಿಕಿತ್ಸೆಯ ಕಾಗದಗಳಿದ್ದರೆ ತೋರಿಸಿ, ಇಲ್ಲದಿದ್ದರೆ ಬಾಯಿಮಾತಿನಲ್ಲಾದರೂ ಮುಚ್ಚಿಡದೆ ಹೇಳಿ.

ನಾಟುವುದಿಲ್ಲ ಎಂದೇ ಬಂದರೂ ಬಾಗಿಲು ಮುಚ್ಚಿಲ್ಲ. ಹಿಂದೆ ಒಂದೂವರೆ ಎರಡು ವರ್ಷ ಹಿಡಿಯುತ್ತಿದ್ದ ಚಿಕಿತ್ಸೆ ಈಗ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಸೇರಿದ ಮಾತ್ರೆಗಳಿಂದ ಅನೇಕರಿಗೆ ಆರು ತಿಂಗಳಿಗೆ ಇಳಿದಿದೆ. ಆ ಚಿಕಿತ್ಸೆಗೆ ಚುಚ್ಚುಮದ್ದು ಬೇಕಿಲ್ಲ.

ನಾಟುತ್ತದೆ ಎಂದು ಬಂದರೆ ಇನ್ನೊಂದು ಪ್ರಶ್ನೆ ಕೇಳುವುದಿದೆ: ಐಸೊನಿಯಾಜಿಡ್ ಕಥೆ ಏನು? ಎರಡು ಗಂಟೆಯ ಆ ಮಾಮೂಲಿ ಪರೀಕ್ಷೆ ಅದನ್ನು ನೋಡುವುದಿಲ್ಲ. ರಿಫಾಂಪಿಸಿನ್ ನಾಟಿದರೂ ಐಸೊನಿಯಾಜಿಡ್ ನಾಟದವರು ಜಗತ್ತಿನಲ್ಲಿ ಹೊಸಬರಲ್ಲಿ ಶೇ. 7ರಷ್ಟು, ಹಿಂದೆ ಚಿಕಿತ್ಸೆ ಪಡೆದವರಲ್ಲಿ ಶೇ. 11ರಷ್ಟು ಇದ್ದಾರೆ. ಅದಕ್ಕೆ ಬೇರೆ ಪರೀಕ್ಷೆ ಇದೆ, ಲೆವೊಫ್ಲಾಕ್ಸಾಸಿನ್ ಸೇರಿಸಿದ ಬೇರೆ ಚಿಕಿತ್ಸೆಯೂ ಇದೆ.